ಹಟ ಬಿಡಿಸುವ ಮುಂಚೆ ನಿನ್ನೆಯ ದಿನ ಹೇಳಿ

ಪ್ರತಿ ಬೇಸಿಗೆಯಲ್ಲೂ ಇದೇ ದೂರು ಹಿಡಿದು ಯಾರಾದರೂ ನನ್ನ ಬಳಿ ಸಲಹೆಗೆ ಬರುತ್ತಾರೆ: "ಮಗು ಇದ್ದಕ್ಕಿದ್ದಂತೆ ಹಟಮಾರಿ ಆಗಿಬಿಟ್ಟಿದೆ." ಹಾಗಾಗಿ ಒಂದು ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ರಜೆ ಶುರುವಾದ ಮೇಲೆ ಮನೆ ತುಂಬ ನೆಂಟರು, ಶನಿವಾರ ಭಾನುವಾರ ಪ್ರವಾಸ, ನಡುವೆ ಸಮಾರಂಭಗಳು. ಮಗಳು ಬೇರೆ ಮಕ್ಕಳನ್ನು ಕಚ್ಚುತ್ತಿದ್ದಳು. ರಾತ್ರಿ ಎದ್ದು ಅಳುತ್ತಿದ್ದಳು. ಬಟ್ಟೆ ಹಾಕಲು ಹೋದರೆ ಮೈ ಸೆಟೆಸಿಕೊಂಡು ಕಿರುಚುತ್ತಿದ್ದಳು. ಅಮ್ಮನ ಮುದ್ದು ಜಾಸ್ತಿಯಾಯಿತು ಎಂದು ಅಪ್ಪ. ಅಪ್ಪ ಮನೆಯಲ್ಲಿದ್ದೂ ಇಲ್ಲದ ಹಾಗೆ ಎಂದು ಅಮ್ಮ. ಮೊದಲ ಭೇಟಿ ಅದರಲ್ಲೇ ಮುಗಿಯಿತು.

ಮುಂದಿನ ಸಲ ನಾನು ಕೇಳಿದ್ದು ಒಂದೇ. "ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಮಗಳ ದಿನ ಹೇಗೆ ಹೋಯಿತು, ಹೇಳಿ. ನೀವೇನು ಮಾಡಿದಿರಿ ಅಂತಲ್ಲ. ಅವಳು ಎಲ್ಲೆಲ್ಲಿ ಇದ್ದಳು ಅಂತ."

ಅಪ್ಪ ಶುರು ಮಾಡಿದರು. ಬೆಳಗ್ಗೆ ಕಾರು ಹತ್ತಿಸುವವರೆಗೆ ಹೇಳಿ, ಹೆಂಡತಿಯ ಮುಖ ನೋಡಿದರು. ಅಮ್ಮ ಮುಂದುವರಿಸಿದರು. ನಿದ್ದೆಗಣ್ಣಲ್ಲೇ ಎತ್ತಿಕೊಂಡು ಕಾರಿಗೆ. ಇಳಿದ ಕೂಡಲೇ ಗಂಡನ ಅಕ್ಕನ ಕೈಗೆ. ಅಲ್ಲಿಂದ ಯಾರೋ ಎತ್ತಿಕೊಂಡರು, ಇನ್ಯಾರೋ ಫೋಟೊ ತೆಗೆಸಿಕೊಂಡರು. ಊಟ ತೊಡೆ ಮೇಲೆ. ವಾಪಸ್ ಬರುವಾಗ ಕಾರಿನಲ್ಲಿ ಒಂದು ಜೊಂಪು. ಸಂಜೆ ಮನೆಗೆ ಬಂದರೆ ಅಲ್ಲೂ ನೆಂಟರು, ಮತ್ತೆ ಕೈಯಿಂದ ಕೈಗೆ. ಅಲ್ಲಿಗೆ ಅವರ ಮಾತು ನಿಂತಿತು.

"ಮೇಡಂ, ನಿನ್ನೆ ಅವಳು ನೆಲಕ್ಕೇ ಇಳಿದಿಲ್ಲ."

ಗಂಡ "ಹಾಗೇನಿಲ್ಲ" ಅಂದರು. ಆದರೆ ಅವಳು ಯಾವಾಗ ಇಳಿದಿದ್ದಳು ಎಂದು ಹೇಳಲು ಅವರಿಗೂ ಆಗಲಿಲ್ಲ. ಇಡೀ ದಿನ ಅವಳನ್ನು ಎಲ್ಲರೂ ಮುದ್ದು ಮಾಡಿದ್ದರು, ಯಾರೂ ಬೈದಿರಲಿಲ್ಲ. ತನ್ನ ಪಾಡಿಗೆ ಇರಲು ಮಾತ್ರ ಅವಳಿಗೆ ಹತ್ತು ನಿಮಿಷವೂ ಸಿಕ್ಕಿರಲಿಲ್ಲ.

ಆಮೇಲೆ ನಿದ್ದೆಯ ಲೆಕ್ಕ ಹಾಕಿದೆವು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ಮಗುವಿಗೆ ಒಂಬತ್ತೂ ಆಗುತ್ತಿರಲಿಲ್ಲ. ಸುಸ್ತಾದರೆ ದೊಡ್ಡವರು ಮಲಗುತ್ತಾರೆ. ಸುಸ್ತಾದ ಮಗು ಇನ್ನಷ್ಟು ಕುಣಿಯುತ್ತದೆ, ನೋಡಿದವರು "ಇವಳಿಗೆ ನಿದ್ದೆಯೇ ಬೇಡ" ಅಂತಾರೆ. ಹೊಸಬರ ಮನೆಯಲ್ಲಿ ಮೊದಲ ಅರ್ಧ ಗಂಟೆ ಅಮ್ಮನಿಗೆ ಅಂಟಿಕೊಂಡೇ ಇರುತ್ತಾಳೆ, ಆಮೇಲೆ ಸರಿಹೋಗುತ್ತಾಳೆ ಎನ್ನುವುದೂ ಗೊತ್ತಾಯಿತು. ಅದು ಹಟವೂ ಅಲ್ಲ, ಕಲಿಸಿದ್ದೂ ಅಲ್ಲ. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಶುರು ಮಾಡಿದ ದೀರ್ಘ ಅಧ್ಯಯನದಲ್ಲಿ, ಹೀಗೆ ನಿಧಾನವಾಗಿ ಒಗ್ಗಿಕೊಳ್ಳುವ ಮಕ್ಕಳು ಸುಮಾರು ಶೇ 15ರಷ್ಟಿದ್ದರು.

ನಾನು ಕೊಟ್ಟ ಸಲಹೆ ಕಚ್ಚುವುದನ್ನು ಬಿಡಿಸುವ ಬಗ್ಗೆ ಇರಲಿಲ್ಲ. ಮಧ್ಯಾಹ್ನದ ನಿದ್ದೆ ಮನೆಯಲ್ಲೇ, ದಿನಾ ಅದೇ ಹೊತ್ತಿಗೆ ಆಗಬೇಕು. ಅದಕ್ಕೆ ಅಡ್ಡ ಬರುವ ಕಾರ್ಯಕ್ರಮ ಬೇಡ. ಹೊಸ ಜಾಗಕ್ಕೆ ಹೋದರೆ ಅವಳಾಗಿ ಇಳಿಯುವವರೆಗೆ ಬೇರೆಯವರ ಕೈಗೆ ಕೊಡಬೇಡಿ. ಕಚ್ಚಿದರೆ "ಕಚ್ಚಬಾರದು, ನೋವಾಗುತ್ತೆ" ಎಂದು ಹೇಳಿ ದೂರ ಕರೆದುಕೊಂಡು ಹೋಗಿ, ಅಷ್ಟು ಸಾಕು. ಆ ವಯಸ್ಸಿನಲ್ಲಿ ಸಿಟ್ಟು ತಡೆಯುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ, ಉಪದೇಶ ತಲೆಗೆ ಹೋಗುವುದಿಲ್ಲ.

ಅವರಿಗೆ ಕಷ್ಟವಾಗಿದ್ದು ಕೊನೆಯ ಮಾತು. ಹೋಗಲು ಆಗದಿದ್ದರೆ "ಮಗುವಿಗೆ ಹುಷಾರಿಲ್ಲ" ಎನ್ನಬೇಡಿ, "ನಾವು ಬರಲ್ಲ" ಎಂದು ನಿಮ್ಮ ಹೆಸರಲ್ಲೇ ಹೇಳಿ ಎಂದೆ. ಅಪ್ಪನಿಗೆ ಅಕ್ಕನ ಎದುರು ಇಲ್ಲ ಅಂದು ಅಭ್ಯಾಸವಿಲ್ಲ. ಸುಳ್ಳಾದರೆ ಯಾರಿಗೂ ಬೇಜಾರಿಲ್ಲವಲ್ಲ ಅಂದರು. ನನ್ನ ಸಹೋದ್ಯೋಗಿಗಳಲ್ಲೂ ಕೆಲವರು ಹಾಗೇ ಅಂತಾರೆ, ಸಣ್ಣ ನೆಪದಿಂದ ಸಂಬಂಧ ಉಳಿದರೆ ಉಳಿಯಲಿ ಬಿಡಿ ಅಂತ. ನಾನು ಒಪ್ಪುವುದಿಲ್ಲ. ನೆಪಕ್ಕೆ ಮಗುವನ್ನು ಮುಂದೆ ಮಾಡಿದರೆ ನಾಲ್ಕು ಸಲ ಆದ ಮೇಲೆ ನೆಂಟರ ಬಾಯಲ್ಲಿ ಅದು "ಕಾಟದ ಮಗು" ಆಗುತ್ತದೆ. ತಪ್ಪಿಸಿಕೊಂಡದ್ದು ದೊಡ್ಡವರು, ಹೆಸರು ಕೆಡುವುದು ಅದರದ್ದು. ಇದು ಸರಿಯಾ?

"ನಮ್ಮ ಅಮ್ಮಂದಿರು ಐದು ಮಕ್ಕಳನ್ನು ಇಟ್ಟುಕೊಂಡು ಎಲ್ಲ ಕಡೆ ಹೋಗುತ್ತಿರಲಿಲ್ವಾ?" ಎಂದೂ ಕೇಳುತ್ತಾರೆ. ಹೋಗುತ್ತಿದ್ದರು, ನಿಜ. ಅಲ್ಲಿ ಮಕ್ಕಳನ್ನು ನೆಲಕ್ಕೆ ಬಿಡುತ್ತಿದ್ದರು, ನಿದ್ದೆ ಬಂದಲ್ಲಿ ಮಲಗಿಸುತ್ತಿದ್ದರು. ಒಂದೇ ದಿನದಲ್ಲಿ ಮೂರು ಕಡೆ ಸುತ್ತುತ್ತಿರಲಿಲ್ಲ.

ಎಲ್ಲ ಹಟವೂ ಸುಸ್ತಿನದ್ದೇ ಅಂತ ನಾನು ಹೇಳುತ್ತಿಲ್ಲ. ಆಡುತ್ತಿದ್ದ ಮಾತು ನಿಂತುಹೋದರೆ, ತನಗೇ ಗಾಯ ಮಾಡಿಕೊಳ್ಳುವಷ್ಟು ಹೊಡೆದುಕೊಂಡರೆ, ನಿದ್ದೆ ಸರಿಯಾದ ಮೇಲೂ ಏನೂ ಬದಲಾಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇಲ್ಲಿ ಅದಾವುದೂ ಇರಲಿಲ್ಲ.

ಕೆಲವು ವಾರಗಳಲ್ಲಿ ಕಚ್ಚುವುದು ಹೆಚ್ಚುಕಡಿಮೆ ನಿಂತಿತು. ರಾತ್ರಿ ಏಳುವುದು ಇನ್ನೂ ಸ್ವಲ್ಪ ಇತ್ತು. ಅಪ್ಪ ಅಕ್ಕನಿಗೆ ಫೋನ್ ಮಾಡಿ ಒಂದು ಪ್ರವಾಸಕ್ಕೆ ಬರುವುದಿಲ್ಲ ಎಂದರು. ಅಕ್ಕ ಮುನಿಸಿಕೊಂಡರು. ಕೊನೆಯ ಭೇಟಿಯ ಹೊತ್ತಿಗೂ ಅಕ್ಕ ತಮ್ಮನ ಜೊತೆ ಮಾತು ಶುರು ಮಾಡಿರಲಿಲ್ಲ, ಅಪ್ಪ ಅದನ್ನು ನನ್ನ ಲೆಕ್ಕಕ್ಕೇ ಬರೆದರು. ಬರೆಯಲಿ. ಮುಂದಿನ ರಜೆಯಲ್ಲಿ ಮಗು ನಡೆದಾಡುವಂಥ ಜಾಗಕ್ಕೆ ಅಕ್ಕನನ್ನು ನೀವೇ ಕರೆಯಿರಿ ಎಂದು ಹೇಳಿ ಕಳಿಸಿದೆ.