ಕುಂಚ ಕೆಳಗಿಟ್ಟು ಗಿಟಾರ್ ಎತ್ತಿಕೊಳ್ಳುವ ಗಳಿಗೆ

ಸಲಹೆ ಕೇಳಲು ನನ್ನ ಬಳಿ ಬಂದ ಮೊದಲ ಭೇಟಿಗೆ ಆಕೆ ಒಂದು ನೋಟ್‌ಬುಕ್ ತಂದಿದ್ದರು. ಎಡಗಡೆ ಪುಟಗಳಲ್ಲಿ ಬಿಡಿಸಬೇಕಾದ ಚಿತ್ರಗಳ ಪಟ್ಟಿ. ಬಲಗಡೆ ಪುಟಗಳಲ್ಲಿ ಮಾಡಬೇಕಾದ ಹಾಡುಗಳ ಪಟ್ಟಿ. ಎರಡೂ ಉದ್ದವಾಗಿದ್ದವು. ‘ಮುಗಿಯಿತು’ ಅಂತ ಗುರುತು ಬಿದ್ದಿದ್ದು ಎರಡಕ್ಕೆ ಮಾತ್ರ. ಎರಡೂ ಚಿತ್ರಗಳೇ.

“ಒಂದನ್ನು ಬಿಟ್ಟುಬಿಡಬೇಕು ಅನ್ನಿಸಿದೆ. ಯಾವುದನ್ನು ಬಿಡಲಿ, ಅದನ್ನು ಹೇಳಿ” ಎಂದರು.

(ಆಕೆಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 35ರ ಆಸುಪಾಸು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಸಂಜೆ ಮತ್ತು ರಜಾ ದಿನಗಳಷ್ಟೇ ಸ್ವಂತದ್ದು. ಆ ಹೊತ್ತಿನಲ್ಲಿ ಎಣ್ಣೆಬಣ್ಣದಲ್ಲಿ ಚಿತ್ರ ಬಿಡಿಸುತ್ತಾರೆ. ಗಿಟಾರ್ ನುಡಿಸುತ್ತಾರೆ, ಹಾಡು ಕಟ್ಟಿ ಮನೆಯಲ್ಲೇ ರೆಕಾರ್ಡ್ ಮಾಡುತ್ತಾರೆ. ಚಿತ್ರವಿರಲಿ, ಹಾಡಿರಲಿ, ವಿಷಯ ಒಂದೇ. ತಾವು ಬೆಳೆದ ಮನೆ. ಅದು ಈಗ ಇಲ್ಲ. ಮೆಟ್ಟಿಲ ಪಕ್ಕದ ಕಿಟಕಿ, ಕಿಟಕಿಯ ಕೆಳಗೆ ಟೇಪ್ ರೆಕಾರ್ಡರ್, ಮಧ್ಯಾಹ್ನದ ಬಿಸಿಲು. ಹಾಡುಗಳಲ್ಲಿ ಬೇಕಂತಲೇ ಹಳೆಯ ಕ್ಯಾಸೆಟ್ಟಿನ ‘ಸುಯ್’ ಸದ್ದು ಸೇರಿಸುತ್ತಾರೆ. ಚಿತ್ರಗಳಲ್ಲಿ ಬಣ್ಣ ಮಾಸಿದ ಫೋಟೋಗಳ ಹಳದಿ ಇರುತ್ತದೆ.

ನಿದ್ದೆ, ಊಟ, ಕೆಲಸ ಎಲ್ಲ ಹೇಗಿದೆ ಅಂತ ಮೊದಲು ಕೇಳಿದೆ. ಇದನ್ನು ಯಾರನ್ನಾದರೂ ಕೇಳುತ್ತೇನೆ. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು. ಆಗ ಮನೋವೈದ್ಯರನ್ನು ಕಾಣಲೇಬೇಕು. ಆಕೆಗೆ ಹಾಗೇನೂ ಇರಲಿಲ್ಲ. ದಣಿವಿತ್ತು. ತನ್ನ ಮೇಲೇ ಸಿಟ್ಟಿತ್ತು.

ಇಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ಆಕೆ ಹೇಳಿದ ಸಮಸ್ಯೆಯನ್ನೇ ನಿಜವಾದ ಸಮಸ್ಯೆ ಅಂದುಕೊಂಡೆ. ಇಬ್ಬರೂ ಕೂತು ವೇಳಾಪಟ್ಟಿ ಮಾಡಿದೆವು. ಸೋಮ, ಬುಧ, ಶುಕ್ರ ಚಿತ್ರ. ಮಂಗಳ, ಗುರು, ಶನಿ ಸಂಗೀತ. ನೋಡುವುದಕ್ಕೆ ನ್ಯಾಯವಾಗಿಯೇ ಇತ್ತು. ಮೂರು ವಾರ ಬಿಟ್ಟು ಬಂದಾಗ ಆಕೆ ಮೊದಲಿಗಿಂತ ಜಾಸ್ತಿ ದಣಿದಿದ್ದರು. “ಗಿಟಾರ್ ಹಿಡಿದಾಗ ಚಿತ್ರದ ಮೂಲೆ ಕಣ್ಣಿಗೆ ಬರುತ್ತದೆ. ಬಣ್ಣ ಕಲಸುವಾಗ ಹಾಡಿನ ಸಾಲು ತಲೆಯಲ್ಲಿ ಸುತ್ತುತ್ತದೆ. ಎಲ್ಲೂ ಪೂರ್ತಿ ಇರುವುದಿಲ್ಲ” ಎಂದರು.

ಇದು ಆಕೆಯೊಬ್ಬರ ಕೊರತೆಯಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದೆಯೇ ಉಳಿದುಬಿಡುತ್ತದೆ. ಸೋಫೀ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ‘ಗಮನದ ಶೇಷ’ ಎಂದು ಕರೆದರು. ದಿನ ಬಿಟ್ಟು ದಿನ ಕೆಲಸ ಬದಲಿಸಿ ಅಂತ ಹೇಳಿ ನಾನು ಆ ಶೇಷವನ್ನು ಹೆಚ್ಚಿಸಿದ್ದೆ. ಹಾಗಂತ ಆಕೆಗೂ ಹೇಳಿದೆ. ಸಲಹೆ ಕೊಡುವವರು ತಪ್ಪಿದಾಗ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಎದುರು ಕೂತವರು ‘ನನ್ನಲ್ಲೇ ಏನೋ ಸರಿಯಿಲ್ಲ’ ಅಂತ ಆ ತಪ್ಪನ್ನೂ ಹೊತ್ತುಕೊಂಡು ಹೋಗುತ್ತಾರೆ.

ವೇಳಾಪಟ್ಟಿಯಲ್ಲಿ ಇನ್ನೂ ಒಂದು ದೋಷವಿತ್ತು. ಎರಡಕ್ಕೂ ಸಮಪಾಲು ಕೊಟ್ಟಿದ್ದೆವು. ಆದರೆ ಎರಡು ಕಲೆಗಳ ಹಸಿವು ಒಂದೇ ಥರ ಇರುವುದಿಲ್ಲ. ವಾದ್ಯ ಮೈಯಲ್ಲಿ ಉಳಿಯುವ ವಿದ್ಯೆ. ಕೆಲವು ವಾರ ತಂತಿ ಮುಟ್ಟದಿದ್ದರೆ ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗುತ್ತದೆ, ಕೈ ಮಂದವಾಗುತ್ತದೆ. ಅದಕ್ಕೆ ದಿನಾ ಸ್ವಲ್ಪ ಬೇಕು. 20 ನಿಮಿಷವಾದರೂ ಸಾಕು, ಆದರೆ ದಿನಾ ಬೇಕು. ಚಿತ್ರ ಹಾಗಲ್ಲ. ಎಣ್ಣೆಬಣ್ಣದ ಒಂದು ಪದರ ಮುಟ್ಟಿದರೆ ಅಂಟದಷ್ಟು ಒಣಗಲು ಎಷ್ಟೋ ದಿನ ಹಿಡಿಯುತ್ತದೆ. ನಾಲ್ಕು ದಿನ ಬಿಟ್ಟು ಬಂದರೂ ಚಿತ್ರ ಇದ್ದಲ್ಲೇ ಇರುತ್ತದೆ. ಆದರೆ ಕೂತರೆ ಮೂರು ನಾಲ್ಕು ಗಂಟೆ ಕೂರಬೇಕು. ಬಣ್ಣ ಕಲಸಿ ಕಣ್ಣು ಹೊಂದಿಕೊಳ್ಳುವುದಕ್ಕೇ ಅರ್ಧ ಗಂಟೆ ಹೋಗುತ್ತದೆ, ಅಲ್ವಾ? ಹಾಗಾಗಿ ಪಟ್ಟಿ ಹರಿದೆವು. ದಿನಾ 20 ನಿಮಿಷ ಗಿಟಾರ್, ಅದು ಸುಮ್ನೆ ಕೈ ಬಿಡದಿರಲು. ರಜಾ ದಿನದ ಬೆಳಗ್ಗೆ ಪೂರ್ತಿ ಚಿತ್ರಕ್ಕೆ.

ಇದರಿಂದ ದಣಿವು ಇಳಿಯಿತು. ಆದರೂ ಯಾವುದೂ ಮುಗಿಯುತ್ತಿರಲಿಲ್ಲ.

ಆಗ ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. “ಕುಂಚ ಕೆಳಗಿಟ್ಟು ಗಿಟಾರ್ ಎತ್ತಿಕೊಳ್ಳುತ್ತೀರಲ್ಲ, ಸರಿಯಾಗಿ ಆ ಗಳಿಗೆಯಲ್ಲಿ ಎದುರಿಗೆ ಏನಿರುತ್ತದೆ?” ಆಕೆಗೆ ಗೊತ್ತಿರಲಿಲ್ಲ. ಎರಡು ವಾರ ಪ್ರತಿ ಸಲ ಕೆಲಸ ಬದಲಿಸಿದಾಗ ಒಂದೇ ಸಾಲು ಬರೆದಿಡಲು ಹೇಳಿದೆ. ಏನು ಮಾಡುತ್ತಿದ್ದೆ, ಎಲ್ಲಿ ಬಿಟ್ಟೆ. ಅಷ್ಟೇ.

ಅವರು ತಂದ 11 ಸಾಲುಗಳನ್ನು ಇಬ್ಬರೂ ಮೇಜಿನ ಮೇಲಿಟ್ಟು ಓದಿದೆವು. ‘ಕಿಟಕಿಯ ಚೌಕಟ್ಟು ಮಾತ್ರ ಬಾಕಿ.’ ‘ಕೊನೆಯ ಚರಣದ ಮಾತು ಸಿಕ್ಕಿತು, ರೆಕಾರ್ಡ್ ಮಾಡಲಿಲ್ಲ.’ ‘ಮೆಟ್ಟಿಲ ನೆರಳು ಹಾಕಿದರೆ ಆಯಿತು.’ ಹನ್ನೊಂದರಲ್ಲಿ ಒಂಬತ್ತು ಹೀಗೇ ಇದ್ದವು. ಆಕೆ ಕೆಲಸ ಬದಲಿಸುತ್ತಿದ್ದುದು ಬೇಸರ ಬಂದಾಗ ಅಲ್ಲವೇ ಅಲ್ಲ. ಮುಗಿಯುವ ಹೊತ್ತಿಗೆ ಬದಲಿಸುತ್ತಿದ್ದರು.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಎರಡು ಮುಗಿದ ಚಿತ್ರಗಳಲ್ಲಿ ಒಂದರ ಮಾತೆತ್ತಿದರು. ಅದರಲ್ಲಿ ಕಿಟಕಿಗೆ ಹಸಿರು ಹಚ್ಚಿದ್ದರಂತೆ. “ಹಚ್ಚುವಾಗ ಹಸಿರೋ ನೀಲಿಯೋ ಅಂತ ಅನುಮಾನ ಇತ್ತು. ಚಿತ್ರಕ್ಕೆ ಹೊಂದುತ್ತದೆ ಅಂತ ಹಸಿರು ಹಚ್ಚಿದೆ. ಈಗ ಕಣ್ಣು ಮುಚ್ಚಿದರೂ ಅದು ಹಸಿರೇ. ನಿಜವಾದ ಕಿಟಕಿ ಹೋಯಿತು. ನನ್ನ ಚಿತ್ರ ಅದನ್ನು ತಿಂದುಬಿಟ್ಟಿತು.”

ಇದನ್ನು ಕೇಳಿದಾಗ ನನಗೂ ಗಂಟಲು ಕಟ್ಟಿತು. ಯಾವುದನ್ನು ಮುಗಿಸಿದರೂ ಮನೆಯ ಒಂದು ತುಂಡು ಕಳೆದುಹೋಗುತ್ತದೆ ಅನ್ನುವ ಭಯ ಅದು. ಚಿತ್ರ ಮುಗಿಯಬಂದರೆ ಹಾಡಿಗೆ ಓಡುವುದು. ಹಾಡು ಮುಗಿಯಬಂದರೆ ಚಿತ್ರಕ್ಕೆ ಓಡುವುದು. ಎರಡು ಕಲೆ ಇದ್ದದ್ದರಿಂದ ಓಡಲು ಜಾಗ ಸಿಕ್ಕಿತ್ತು. ಒಂದನ್ನು ಬಿಡಿ ಅಂತ ನಾನು ಅವತ್ತೇ ಹೇಳಿದ್ದರೆ ಏನಾಗುತ್ತಿತ್ತೋ. ಬಹುಶಃ ಉಳಿದ ಒಂದರಲ್ಲೂ ಕೈ ನಿಂತುಹೋಗುತ್ತಿತ್ತು.

ಭಯ ಹುಸಿ ಅಂತ ನಾನು ಸಮಾಧಾನ ಹೇಳಲಿಲ್ಲ. ಅದರಲ್ಲಿ ಸತ್ಯ ಇದೆ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಥರ ಇರುವುದಿಲ್ಲ. ಪ್ರತಿ ಸಲ ನೆನೆದಾಗಲೂ ಮನಸ್ಸು ಅದನ್ನು ಮತ್ತೆ ಕಟ್ಟುತ್ತದೆ. ಕಟ್ಟುವಾಗ ಹೊಸದು ಸೇರಬಹುದು, ಹಳೆಯದು ಬದಲಾಗಬಹುದು. ಆದರೆ ಇದರ ಇನ್ನೊಂದು ಮುಖವನ್ನೂ ಆಕೆಗೆ ಹೇಳಿದೆ. ಚಿತ್ರ ಬಿಡಿಸದೆ ಸುಮ್ಮನಿದ್ದರೂ ನೆನಪು ಬದಲಾಗುತ್ತಲೇ ಇರುತ್ತದೆ. ಮುಗಿಸದೆ ಇಟ್ಟ ಮಾತ್ರಕ್ಕೆ ಕಿಟಕಿ ಭದ್ರವಾಗಿ ಉಳಿಯುವುದಿಲ್ಲ.

ಹಳೆಯದಕ್ಕೆ ಹಂಬಲಿಸುವುದೇ ಒಂದು ರೋಗವೇ ಅಂತಲೂ ಆಕೆ ಕೇಳಿದರು. ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದರು. ‘ನಾಸ್ಟಾಲ್ಜಿಯಾ’ ಅನ್ನುವ ಪದ ಹುಟ್ಟಿದ್ದೇ ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಮರಳುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಪದ ಕೂಡಿಸಿ ಅದನ್ನು ಮಾಡಿದರು. ಮನೆಯಿಂದ ದೂರ ಇರುವವರ ತೀವ್ರ ಹಂಬಲಕ್ಕೆ ಇಟ್ಟ ಹೆಸರದು. ಈಗಿನ ತಿಳಿವಳಿಕೆ ಬೇರೆ. ಕಾನ್‌ಸ್ಟಂಟೈನ್ ಸೆಡಿಕಿಡೀಸ್, ಟಿಮ್ ವೈಲ್ಡ್‌ಶುಟ್ ಎಂಬ ಮನೋವಿಜ್ಞಾನಿಗಳು ಮತ್ತು ಜೊತೆಗಾರರು 2006ರಿಂದ ಪ್ರಕಟಿಸಿದ ಅಧ್ಯಯನಗಳು ಹೇಳುವುದು ಇದು: ಒಂಟಿತನ, ಬೇಸರ ಕಾಡಿದಾಗ ಹಳೆಯ ನೆನಪು ಬರುತ್ತದೆ, ಮತ್ತು ಆ ನೆನಪು ‘ನನಗೂ ನನ್ನವರಿದ್ದಾರೆ’ ಎಂಬ ಭಾವವನ್ನು ಗಟ್ಟಿ ಮಾಡುತ್ತದೆ. ಆಕೆಯ ಹಂಬಲ ನನಗೆ ರೋಗದಂತೆ ಕಾಣಲಿಲ್ಲ. ಅದು ಆಕೆಯ ಕಲೆಯ ಬೇರು. ನೀರು ತಪ್ಪಿಸುವುದು ನನ್ನ ಕೆಲಸವಲ್ಲ.

ಮುಂದಿನ ಭೇಟಿಗಳಲ್ಲಿ ಕೊಟ್ಟ ಸಲಹೆಗಳು ಹೀಗಿವೆ.

ಯಾವುದೇ ನೆನಪನ್ನು ಚಿತ್ರ ಅಥವಾ ಹಾಡು ಮಾಡುವ ಮೊದಲು ಅದನ್ನು ಹಾಗೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಚೆಂದ ಮಾಡಬೇಡಿ. ಅನುಮಾನ ಇದ್ದರೆ ಅನುಮಾನವನ್ನೇ ಹೇಳಿ. ‘ಹಸಿರಿರಬೇಕು, ನೀಲಿಯೂ ಇರಬಹುದು’ ಅಂತ. ಆಮೇಲೆ ಕುಂಚ ಎಷ್ಟು ಸುಳ್ಳು ಹೇಳಿದರೂ ಪರವಾಗಿಲ್ಲ, ಮೂಲ ಒಂದು ಕಡೆ ಉಳಿದಿರುತ್ತದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಸಲಹೆ. ಆಕೆಯ ಬಳಿ ಮನೆಯವರ ದನಿ ಇರುವ ಹಳೆಯ ಕ್ಯಾಸೆಟ್ಟುಗಳಿದ್ದವು. ಟೇಪು ಕಾಲ ಕಳೆದಂತೆ ಹಾಳಾಗುತ್ತದೆ. ಹಾಡಿಗೆ ಆ ಸದ್ದು ಬಳಸುವ ಮೊದಲು ಅವೆಲ್ಲವನ್ನೂ ಡಿಜಿಟಲ್ ಮಾಡಿಸಿ, ಎರಡು ಕಡೆ ಪ್ರತಿ ಇಡಿ ಎಂದೆ.

ಎರಡನೆಯದು ಸರದಿ. ವಾರದ ದಿನಗಳನ್ನು ಹಂಚುವ ಬದಲು ತಿಂಗಳುಗಳನ್ನು ಹಂಚಿ. ಎರಡು ಮೂರು ತಿಂಗಳು ಚಿತ್ರ ಮುಂದೆ ನಡೆಯಲಿ, ಸಂಗೀತ ದಿನದ 20 ನಿಮಿಷದಲ್ಲಿ ಉಸಿರಾಡುತ್ತಿರಲಿ. ಆಮೇಲೆ ಸಂಗೀತ ಮುಂದೆ, ಚಿತ್ರಕ್ಕೆ ಸ್ಕೆಚ್‌ಬುಕ್ಕು. ಸರದಿ ಬದಲಾಗುವುದು ತಾರೀಖು ಬಂದಾಗ ಅಲ್ಲ, ಒಂದು ಕೆಲಸ ಮುಗಿದಾಗ. ಚಿಕ್ಕದಾದರೂ ಸರಿ. ನಡುವೆ ಬಿಟ್ಟು ಏಳಲೇಬೇಕಾದರೆ ಎಲ್ಲಿ ನಿಂತಿತು, ಮುಂದಿನ ಹೆಜ್ಜೆ ಏನು ಅಂತ ಒಂದು ಸಾಲು ಬರೆದು ಏಳಿ. ಹಾಗೆ ಬರೆದಿಟ್ಟರೆ ಗಮನದ ಶೇಷ ಕಡಿಮೆಯಾಗುತ್ತದೆ ಅಂತ ಲೆರಾಯ್ ಅವರ ಮುಂದಿನ ಅಧ್ಯಯನವೂ ಹೇಳುತ್ತದೆ.

‘ಎರಡು ದೋಣಿಯ ಮೇಲೆ ಕಾಲಿಡಬೇಡ’ ಅಂತ ಆಕೆಗೆ ಹತ್ತಿರದವರೆಲ್ಲ ಹೇಳಿದ್ದರು. ಅದಕ್ಕೆ ನಾನು ಪಾಲ್ ಕ್ಲೇ ಅವರ ವಿಷಯ ಹೇಳಿದೆ. ಸಂಗೀತಗಾರರ ಮನೆಯಲ್ಲಿ ಹುಟ್ಟಿದ ಆತ ಚಿಕ್ಕಂದಿನಿಂದಲೇ ಪಿಟೀಲು ನುಡಿಸುತ್ತಿದ್ದರು. ವೃತ್ತಿಗೆ ಆರಿಸಿಕೊಂಡದ್ದು ಚಿತ್ರಕಲೆ. ಆದರೂ ಪಿಟೀಲು ಬಿಡಲಿಲ್ಲ. ಅವರ ಚಿತ್ರಗಳಲ್ಲಿ ಬಣ್ಣದ ಚೌಕಗಳು ತಾಳ ಹಾಕುವಂತೆ ಕೂತಿರುತ್ತವೆ. ರವೀಂದ್ರನಾಥ ಟ್ಯಾಗೋರ್ 2000ಕ್ಕೂ ಹೆಚ್ಚು ಹಾಡು ಕಟ್ಟಿದವರು. ಚಿತ್ರವನ್ನು ಗಟ್ಟಿಯಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಸಾಲುಗಳನ್ನೇ ಆಕಾರಗಳಾಗಿ ತಿದ್ದುತ್ತಾ ಹೋದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಇಬ್ಬರಲ್ಲೂ ಎರಡು ಕಲೆಗಳು ಅಳೆದು ತೂಗಿ ಸಮವಾಗಿರಲಿಲ್ಲ. ಒಂದು ಮುಂದೆ ನಡೆಯಿತು, ಇನ್ನೊಂದು ಕೈ ಹಿಡಿದುಕೊಂಡಿತ್ತು ಅಥವಾ ತನ್ನ ಕಾಲಕ್ಕೆ ಬಂತು. ದೊಡ್ಡವರ ಹೆಸರು ಹೇಳಿ ಆಕೆಯನ್ನು ಕುಗ್ಗಿಸುವುದು ನನಗೆ ಬೇಕಿರಲಿಲ್ಲ. ಆಕೆ ಅದನ್ನು ಹಾಗೆ ತೆಗೆದುಕೊಳ್ಳಲೂ ಇಲ್ಲ. “ಅರವತ್ತಕ್ಕೆ ಇನ್ನೂ ಟೈಮ್ ಇದೆ” ಎಂದು ನಕ್ಕರು. ನನ್ನ ಎದುರು ಆಕೆ ನಕ್ಕಿದ್ದು ಅದೇ ಮೊದಲು.

ಇನ್ನೊಂದು ಸಲಹೆ ಆಕೆಗೆ ಹಿಡಿಸಲಿಲ್ಲ. ಹಳೆಯ ಮನೆಯ ಚಿತ್ರ ಹಾಕಿದರೆ ಜನ ಜಾಸ್ತಿ ಮೆಚ್ಚುತ್ತಾರೆ, ಈಗಿನ ಬದುಕಿನ ಚಿತ್ರಕ್ಕೆ ಅಷ್ಟು ಇಲ್ಲ ಎಂದಿದ್ದರು. ಮೂರು ತಿಂಗಳು ಯಾರಿಗೂ ತೋರಿಸದೆ ಮಾಡಿ ಎಂದೆ. ಒಂದು ತಿಂಗಳಿಗೇ ಬಿಟ್ಟರು. ತೋರಿಸುವುದರಲ್ಲಿ ಅವರಿಗೆ ಸಂಗ ಸಿಗುತ್ತದೆ, ಒಂಟಿಯಾಗಿ ದುಡಿಯುವವರಿಗೆ ಅದು ಬೇಕು. ನಾನು ಒತ್ತಾಯ ಮಾಡಲಿಲ್ಲ.

ಧ್ವನಿಯಲ್ಲಿ ನೆನಪುಗಳನ್ನು ಹೇಳುವ ಕೆಲಸ ಮಾತ್ರ ನಾನು ಎಣಿಸದ ಕಡೆಗೆ ಹೋಯಿತು. ಒಂದು ಸಂಜೆ ರೆಕಾರ್ಡ್ ಮಾಡುತ್ತಾ ಆಕೆ ಅಣ್ಣನಿಗೆ ಫೋನ್ ಮಾಡಿದರಂತೆ. ಇಬ್ಬರೂ ವರ್ಷಗಳಿಂದ ಹಬ್ಬ ಹರಿದಿನಕ್ಕೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದವರು. “ಮೆಟ್ಟಿಲ ಪಕ್ಕದ ಕಿಟಕಿ ಯಾವ ಬಣ್ಣ?” ಅಂತ ಕೇಳಿದರು. ಅಣ್ಣ ಒಂದು ಕ್ಷಣವೂ ಯೋಚಿಸದೆ “ಬಿಳಿ” ಎಂದರಂತೆ. ಅವತ್ತು ಒಂದೂವರೆ ಗಂಟೆ ಮಾತಾಡಿದ್ದಾರೆ.

ಐದು ತಿಂಗಳ ನಂತರ ಬಂದಾಗ ನೋಟ್‌ಬುಕ್ ತಂದಿರಲಿಲ್ಲ. ಒಂದು ಹಾಡು ಮುಗಿದಿತ್ತು. ಕೊನೆಯಲ್ಲಿ ಕ್ಯಾಸೆಟ್ಟಿನ ಸದ್ದಿನ ಜೊತೆ ಅಣ್ಣನ “ಬಿಳಿ” ಎಂಬ ದನಿ ಇದೆ, ಅವರ ಒಪ್ಪಿಗೆ ಪಡೆದೇ ಸೇರಿಸಿದ್ದು. ಈಗ ಚಿತ್ರದ ಸರದಿ. ಒಂದೇ ಅಳತೆಯ ಮೂರು ಕ್ಯಾನ್ವಾಸು, ಮೂರರಲ್ಲೂ ಅದೇ ಕಿಟಕಿ. ಹಸಿರಿನದು ಮುಗಿದಿದೆ. ನೀಲಿ ಒಣಗುತ್ತಿದೆ. ಬಿಳಿಯದನ್ನು ಅಣ್ಣ ಬಂದಾಗ ಶುರು ಮಾಡುತ್ತಾರಂತೆ.