ಓದುಗರ ಪ್ರಶ್ನೆ: ಹ್ಯಾಲೋವೀನ್ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಸೊಸೈಟಿಯ ಮಕ್ಕಳು ಅಕ್ಟೋಬರ್ 31ರ ಸಂಜೆ ದೆವ್ವದ ವೇಷ ತೊಟ್ಟು ಮನೆಮನೆಗೆ ಚಾಕೊಲೇಟ್ ಕೇಳಲು ಬರುತ್ತಾರೆ. ಅತ್ತೆಯವರು ಇದನ್ನು ಅಪಶಕುನವೆನ್ನುತ್ತಾರೆ. ಇದರ ಮೂಲವೇನು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಐರ್ಲೆಂಡ್, ಸ್ಕಾಟ್ಲೆಂಡಿನ ಕೆಲ್ಟಿಕ್ ಜನರ ಸೌವಿನ್ ಹಬ್ಬವೇ ಇದರ ಮೂಲವೆಂಬುದು ಪ್ರಚಲಿತ ಅಭಿಪ್ರಾಯ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಕಾಲದಲ್ಲಿ ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆಂಬ ನಂಬಿಕೆಯಿತ್ತು. ಮುಂದೆ ಚರ್ಚ್ ನವೆಂಬರ್ 1ನ್ನು ಸಕಲ ಸಂತರಿಗೂ 2ನ್ನು ಮೃತರ ಆತ್ಮಗಳಿಗೂ ಮೀಸಲಿಟ್ಟಿತು.

ಮಕ್ಕಳು ಮನೆಮನೆಗೆ ಬರುವ ರೂಢಿಗೂ ಹಳೆಯ ಪೂರ್ವರೂಪವಿದೆ: ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಬಾಗಿಲಿಗೆ ಬಂದು, ಆ ಮನೆಯ ಮೃತರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ ಸಣ್ಣ ಸಿಹಿರೊಟ್ಟಿ ಪಡೆಯುತ್ತಿದ್ದರು. ಐರಿಷರು ಟರ್ನಿಪ್ ಗಡ್ಡೆಯ ಒಳಗನ್ನು ಕೆರೆದು ತೆಗೆದು, ಕಣ್ಣು ಬಾಯಿ ಕೊರೆದು ದೀಪವಿಡುತ್ತಿದ್ದರು. 19ನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿನ ದೊಡ್ಡ ಕುಂಬಳಕಾಯಿ ಇನ್ನೂ ಅನುಕೂಲವಾಯಿತು.

ನಮ್ಮ ಮಹಾಲಯ ಅಮಾವಾಸ್ಯೆಯ ಎಡೆಯ ಹಿಂದಿರುವಂತಹ ಪಿತೃಸ್ಮರಣೆಯೇ ಇಲ್ಲಿಯೂ ಇದೆಯೆಂದು ಅತ್ತೆಯವರಿಗೆ ದಯವಿಟ್ಟು ತಿಳಿಸಿರಿ. ಗೋವಾದ ಕ್ಯಾಥೊಲಿಕ್ ಕುಟುಂಬಗಳು ನವೆಂಬರ್ 2ರಂದು ತಮ್ಮವರ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದೂ ಇದೇ ಭಾವದಿಂದ.