ಗಾನಮೇಳಕ್ಕೂ ಚರ್ಚಿಗೂ ಒಂದೇ ಬೇಸ್ ಗಿಟಾರ್: ಯಾವ ತಂತಿ ಹಾಕಲಿ?

ಮುಂದೆ ಓದುವವರಿಗೆ ಗೊತ್ತಾಗಲಿ ಎಂದು ನೀವು ಕೇಳಿದ್ದನ್ನು ಮೊದಲು ಚುಟುಕಾಗಿ ಹೇಳುತ್ತೇನೆ. ನೀವು ಕಾಸರಗೋಡು ಜಿಲ್ಲೆಯ ಉಪ್ಪಳದವರು. ನಾಲ್ಕು ತಂತಿಯ ಬೇಸ್ ಉಂಟು, ತಂದ ಮೇಲೆ ಒಮ್ಮೆಯೂ ತಂತಿ ಬದಲಿಸಿಲ್ಲ. ಈಗ ಸ್ವರ ಮಂಕಾಗಿದೆ, ಬೆರಳಿಗೆ ತುಕ್ಕು ಹತ್ತುತ್ತದೆ. ಭಾನುವಾರ ಚರ್ಚಿನ ಕ್ವಾಯರ್, ಜಾತ್ರೆ ಸೀಸನ್ ಬಂದರೆ ಗಾನಮೇಳ. ಯೂಟ್ಯೂಬಿನಲ್ಲಿ ಒಬ್ಬ ಸ್ಟೇನ್‌ಲೆಸ್ ಸ್ಟೀಲ್ ಹಾಕು ಅನ್ನುತ್ತಾನೆ, ಇನ್ನೊಬ್ಬ ಫ್ಲಾಟ್‌ವೂಂಡ್ ಬಿಟ್ಟರೆ ಬೇರೇನೂ ಬೇಡ ಅನ್ನುತ್ತಾನೆ. ಕೊನೆಗೊಂದು ಪ್ರಶ್ನೆ, ದಪ್ಪದ ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಬಹುದಾ ಎಂದು.

ನಿಕ್ಕಲ್ ಲೇಪದ ರೌಂಡ್‌ವೂಂಡ್, ಅಂದರೆ ಗುಂಡು ತಂತಿ ಸುತ್ತಿದ್ದು, 45ರಿಂದ 105ರ ದಪ್ಪದ ಸೆಟ್, ಲಾಂಗ್ ಸ್ಕೇಲ್. ಅಂಗಡಿಗೆ ಹೋಗುವ ಅವಸರ ಇದ್ದರೆ ಇಷ್ಟು ಸಾಕು. ಯಾಕೆ ಎಂದು ತಿಳಿಯಬೇಕಿದ್ದರೆ ಓದಿ.

ತಂತಿ ನಿಜವಾಗಿಯೂ ಮುಗಿದಿದೆಯಾ ಎಂದು ಮೊದಲು ನೋಡಿಕೊಳ್ಳಿ. ಹನ್ನೆರಡನೇ ಫ್ರೆಟ್ಟಿನ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಹಾರ್ಮೋನಿಕ್ (ಒತ್ತದೆ ಬರುವ ಗಂಟೆಯಂಥ ಸ್ವರ) ಬಾರಿಸಿ. ಆಮೇಲೆ ಅದೇ ಫ್ರೆಟ್ಟನ್ನು ಒತ್ತಿ ಬಾರಿಸಿ. ಟ್ಯೂನರಿನಲ್ಲಿ ಎರಡೂ ಒಂದೇ ತೋರಿಸಬೇಕು. ಮೊದಲು ಸರಿ ಇದ್ದದ್ದು ಈಗ ತಪ್ಪುತ್ತಿದ್ದರೆ ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಉಳಿದಿಲ್ಲ ಎಂದು ಅರ್ಥ. ಫ್ರೆಟ್ ತಾಗಿ ತಾಗಿ ಅಡಿಯಲ್ಲಿ ಚಪ್ಪಟೆ ಗುರುತು ಬಿದ್ದಿರುತ್ತದೆ, ಉಗುರು ಎಳೆದರೆ ಸಿಕ್ಕುತ್ತದೆ. ಬರೀ ಸ್ವರ ಮಂಕಾಗಿದ್ದರೆ ಮಾತ್ರ ಕಾರಣ ಬೇರೆ: ಬೆವರು, ಎಣ್ಣೆ, ಚರ್ಮದ ಕೊಳೆ ಎಲ್ಲ ಸುತ್ತಿನ ಸಂದಿನಲ್ಲಿ ಕೂತು ಕಂಪನವನ್ನು ಹಿಡಿದುಬಿಡುತ್ತವೆ. ಅಂಥ ತಂತಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒರಸಿ, ಪೂರ್ತಿ ಒಣಗಿಸಿ ಹಾಕಿದರೆ ಸ್ವಲ್ಪ ದಿನ ಮತ್ತೆ ಹೊಳಪು ಬರುತ್ತದೆ. ತುಕ್ಕು ಬಂದದ್ದಕ್ಕೆ ಈ ಉಪಾಯ ನಡೆಯುವುದಿಲ್ಲ. ನಿಮ್ಮದು ಬೆರಳಿಗೇ ಹತ್ತುತ್ತಿದೆ ಅಂದ ಮೇಲೆ ಬದಲಿಸುವುದೇ ಸರಿ.

ಈಗ ರೌಂಡೋ ಫ್ಲಾಟೋ ಎಂಬ ಮಾತು. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದರಲ್ಲಿ ಇದ್ದದ್ದು ಫ್ಲಾಟ್‌ವೂಂಡ್, ಅಂದರೆ ಒಳತಂತಿಯ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ತಂತಿ. ಕೈಗೆ ನುಣುಪು, ಬೆರಳು ಜಾರಿಸಿದರೆ ಕಿರ್ ಎನ್ನುವುದಿಲ್ಲ, ಸ್ವರ ದುಂಡಗೆ ಬಂದು ಬೇಗ ಅಡಗುತ್ತದೆ. 1966ರ ಸುಮಾರಿಗೆ ದ ಹೂ ಎಂಬ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪೆನಿಯವರ ಜೊತೆ ಕೂತು ಗುಂಡು ತಂತಿ ಸುತ್ತಿದ ರೌಂಡ್‌ವೂಂಡನ್ನು ತನಗೆ ಬೇಕಾದ ಹಾಗೆ ಮಾಡಿಸಿಕೊಂಡ. ಪಿಯಾನೋದ ಹಾಗೆ ಗಣಗಣ ಎನ್ನುವ ಬೇಸ್ ಅಲ್ಲಿಂದ ಹಬ್ಬಿತು. ಆದರೆ ಅಮೆರಿಕದ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕೊನೆಯವರೆಗೂ ದಪ್ಪದ ಲಾ ಬೆಲ್ಲಾ ಫ್ಲಾಟ್ ತಂತಿಯಲ್ಲೇ ನುಡಿಸಿದ, ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಎರಡೂ ಸರಿಯೇ ಮಾರಾಯ್ರೆ, ಯಾವ ಜಾಗದಲ್ಲಿ ನುಡಿಸುತ್ತೀರಿ ಎನ್ನುವುದೇ ಪ್ರಶ್ನೆ.

ಚರ್ಚಿನ ಒಳಗೆ ಸಣ್ಣ ಆಂಪಿನಲ್ಲಿ ಕೊಂಕಣಿ ಕೀರ್ತನೆಗೆ ನುಡಿಸುವಾಗ ಫ್ಲಾಟ್‌ನಷ್ಟು ಚಂದ ಬೇರೆ ಇಲ್ಲ. ಹಾಡುವವರ ಕೆಳಗೆ ಮೆತ್ತಗೆ ಕೂರುತ್ತದೆ. ಗಾನಮೇಳದ ಕಥೆ ಹಾಗಲ್ಲ. ನಮ್ಮ ಕಡೆ ಒಂದೇ ರಾತ್ರಿ ಮಲಯಾಳಂ, ಕನ್ನಡ, ತುಳು, ಹಿಂದಿ, ನಡುವೆ ಒಂದು ಮಾಪ್ಪಿಳ ಪಾಟ್ಟು, ಕೊನೆಗೆ ಕುಣಿಯುವವರಿಗೆ ಒಂದು ತಮಿಳು. ಗದ್ದೆಯ ಸ್ಟೇಜಿನ ಎರಡು ಬದಿಯಲ್ಲಿ ಹದಿನೆಂಟು ಇಂಚಿನ ಸಬ್ ಸ್ಪೀಕರ್ ಪೇರಿಸಿರುತ್ತಾರೆ, ಸೌಂಡಿನವರು ಕೆಳಗಿನ ಸ್ವರವನ್ನು ಇನ್ನೂ ಏರಿಸುತ್ತಾರೆ. ರಿದಮ್ ಪ್ಯಾಡಿನ ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಕೂಡ ಆ ಕೆಳಸ್ವರದಲ್ಲೇ. ಫ್ಲಾಟ್ ಹಾಕಿದರೆ ಕೇಳುವವರಿಗೆ ಗುಂ ಎಂದು ಎದೆಗೆ ತಾಗುವುದು ಬಿಟ್ಟರೆ ಯಾವ ಸ್ವರ ಎಂದೇ ತಿಳಿಯುವುದಿಲ್ಲ. ತೆರೆದ ಇ ಸ್ವರ ಸೆಕೆಂಡಿಗೆ ಬರೇ 41 ಕಂಪನ. ಅದು ಇ ಎಂದು ಕಿವಿಗೆ ಗೊತ್ತಾಗುವುದು ಹೆಚ್ಚಾಗಿ ಅದರ ಮೇಲಿನ 82, 123ರ ಕಂಪನಗಳಿಂದ. ಆ ಮೇಲಿನ ಕಂಪನಗಳನ್ನು ಧಾರಾಳವಾಗಿ ಕೊಡುವುದು ರೌಂಡ್‌ವೂಂಡ್. ಗದ್ದೆಯಲ್ಲಿ ರೌಂಡ್‌ವೂಂಡ್ ಹಾಕಿ, ಚರ್ಚಿನಲ್ಲಿ ಗಿಟಾರಿನ ಟೋನ್ ಗುಬ್ಬಿಯನ್ನು (ಸ್ವರದ ಹೊಳಪು ಏರಿಸಿ ಇಳಿಸುವ ತಿರುಗಣೆ) ಅರ್ಧಕ್ಕಿಂತ ಕೆಳಗೆ ತಿರುಗಿಸಿ. ಬಾಡಿಯ ಮೇಲೆ ತಂತಿ ಕಟ್ಟುವ ಬ್ರಿಡ್ಜಿನ ಹತ್ತಿರ ತಂತಿಯಡಿ ಒಂದು ಸ್ಪಂಜಿನ ತುಂಡು ತುರುಕಿದರೆ ಫ್ಲಾಟಿನ ಮುಕ್ಕಾಲು ಗುಣ ಬರುತ್ತದೆ. ಫ್ಲಾಟ್ ಹಾಕಿಕೊಂಡು ರೌಂಡಿನ ಹೊಳಪು ತರಿಸಲು ಮಾತ್ರ ಯಾವ ಗುಬ್ಬಿಯಿಂದಲೂ ಆಗುವುದಿಲ್ಲ.

ಎರಡರ ನಡುವಿನ ಹಾಫ್‌ರೌಂಡ್ ಎಂಬುದೂ ಸಿಗುತ್ತದೆ, ರೌಂಡ್ ಸುತ್ತಿ ಮೇಲ್ಮೈ ಉಜ್ಜಿ ಸಪಾಟು ಮಾಡಿದ್ದು. ನನಗೆ ಹಿಡಿಸಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಒಂದು ಮಾತು ಒಪ್ಪಬೇಕು, ಕರಾವಳಿಯ ಗಾಳಿಗೆ ಅದು ನಿಕ್ಕಲ್ ಲೇಪದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ. ನಿಕ್ಕಲ್ ತಂತಿಯಲ್ಲಿ ಮೇಲಿನ ಲೇಪ ಸವೆದ ಕಡೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಆದರೆ ಸ್ಟೇನ್‌ಲೆಸ್ ಒರಟು, ಫ್ರೆಟ್ಟನ್ನು ಬೇಗ ತಿನ್ನುತ್ತದೆ. ಹಬ್ಬದ ತಿಂಗಳಲ್ಲಿ ರಾತ್ರಿ ನಾಲ್ಕು ಗಂಟೆ ನುಡಿಸುವ ಬೆರಳಿಗೂ ಹಿತವಲ್ಲ. ಫ್ರೆಟ್ ಬದಲಿಸುವ ಖರ್ಚು ಎಷ್ಟೋ ತಂತಿ ಸೆಟ್ಟಿಗೆ ಸಮ. ಹೆಬ್ಬೆರಳಲ್ಲಿ ಸ್ಲ್ಯಾಪ್ ಹೊಡೆಯುವವರು ಬೇಕಿದ್ದರೆ ಹಾಕಿಕೊಳ್ಳಲಿ. ಕೋಟಿಂಗ್ ಇರುವ ಎಲಿಕ್ಸರ್ ಥರದ್ದು ನಮ್ಮ ಹವೆಗೆ ಹೇಳಿ ಮಾಡಿಸಿದ್ದು, ಜೂನಿನಿಂದ ಸೆಪ್ಟೆಂಬರ್ ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಅದರ ಲಾಭ ಕಣ್ಣಿಗೆ ಕಾಣುತ್ತದೆ. ದರ ಮಾತ್ರ ಸಾದಾ ಸೆಟ್ಟಿಗಿಂತ ಬಹಳ ಮೇಲೆ. ದಿನಾ ನುಡಿಸುವುದಿದ್ದರೆ ಯೋಚಿಸಿ. ಇಲ್ಲವಾದರೆ ನುಡಿಸಿದ ಮೇಲೆ ಹಳೇ ಬನಿಯನ್ ಬಟ್ಟೆಯಿಂದ ಪ್ರತಿ ತಂತಿಯ ಅಡಿಭಾಗವನ್ನೂ ಚಿವುಟಿ ಹಿಡಿದು ಒರೆಸಿ. ಅಡಿಭಾಗವನ್ನು ಯಾರೂ ಒರೆಸುವುದಿಲ್ಲ, ತುಕ್ಕು ಶುರುವಾಗುವುದು ಅಲ್ಲೇ.

ದಪ್ಪದ ವಿಷಯ. 45–105 ಎಂದರೆ ಜಿ ತಂತಿ ಇಂಚಿನ ಸಾವಿರದಲ್ಲಿ 45 ಪಾಲು, ಇ ತಂತಿ 105 ಪಾಲು. ಈಗ ಇರುವುದು ಯಾವುದೆಂದು ಗೊತ್ತಿಲ್ಲದಿದ್ದರೆ ಹತ್ತಿರದ ಲೇತ್ ವರ್ಕ್‌ಶಾಪಿನಲ್ಲಿ ವರ್ನಿಯರ್ ಇರುತ್ತದೆ. ಇ ತಂತಿ 2.67 ಮಿಲಿಮೀಟರ್ ತೋರಿಸಿದರೆ 105, 2.54 ಆದರೆ 100. ಇದ್ದದ್ದು 100ರ ಸೆಟ್ ಆಗಿದ್ದು ಕೈಗೂ ಒಗ್ಗಿದ್ದರೆ ಅದನ್ನೇ ಹಾಕಿ, ನಾನು ಹೇಳಿದೆ ಎಂದು ಬದಲಿಸಬೇಡಿ. ಒಂದೊಂದು ತಂತಿ ಸುಮಾರು 18ರಿಂದ 23 ಕಿಲೋ ಬಲದಲ್ಲಿ ನೆಕ್ಕನ್ನು ಎಳೆಯುತ್ತಿರುತ್ತದೆ. ದಪ್ಪ ಬದಲಾದರೆ ನೆಕ್ಕಿನ ಬಾಗು ಬದಲಾಗಿ ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸುವ ಕೆಲಸ ಬೀಳುತ್ತದೆ. ಅದೇ ಅಳತೆಯ ಫ್ಲಾಟ್ ಸಾಮಾನ್ಯವಾಗಿ ಇನ್ನೂ ಬಿಗಿ. ಉದ್ದವನ್ನು ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಕಚ್ಚಿನ ಪಟ್ಟಿ, ಅಂದರೆ ನಟ್‌ನಿಂದ ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ವರೆಗೆ ಅಳೆಯಿರಿ. 34 ಇಂಚು ಇದ್ದರೆ ಲಾಂಗ್ ಸ್ಕೇಲ್, 30 ಇದ್ದರೆ ಶಾರ್ಟ್. ತಂತಿಯನ್ನು ಬಾಡಿಯ ಹಿಂದಿನಿಂದ ತೂರಿಸುವ ಮಾದರಿಯಾದರೆ ಅಂಗಡಿಯಲ್ಲಿ ಹೇಳಿ, ಇನ್ನಷ್ಟು ಉದ್ದದ್ದು ಬೇಕಾದೀತು.

ಕಂಪೆನಿ ಬಗ್ಗೆ ಜಗಳಾಡುವಷ್ಟು ವ್ಯತ್ಯಾಸ ಇಲ್ಲ. ಡಡಾರಿಯೊದಲ್ಲಿ ಇಎಕ್ಸ್‌ಎಲ್ 165, ಎರ್ನಿ ಬಾಲ್‌ನಲ್ಲಿ ಹೈಬ್ರಿಡ್ ಸ್ಲಿಂಕಿ, ಎರಡೂ ಇದೇ ಅಳತೆ. ನಿಮಗೆ ಮಂಗಳೂರು ಹೆಚ್ಚುಕಡಿಮೆ ಕಾಸರಗೋಡಿನಷ್ಟೇ ದೂರ, ಅಂಗಡಿಗೆ ಹೋಗಿ ಸೀಲ್ ನೋಡಿ ತನ್ನಿ. ಆನ್‌ಲೈನಿನಲ್ಲಿ ಅರ್ಧ ದರಕ್ಕೆ ದೊಡ್ಡ ಹೆಸರಿನ ಸೆಟ್ ಕಂಡರೆ ನಂಬಬೇಡಿ, ನಕಲಿ ಬಹಳ ಉಂಟು.

ಹಾಕುವಾಗ ಒಂದು ಬಿಚ್ಚಿ ಒಂದು ಹಾಕಿ. ತಂತಿ ತಿರುಚಿಕೊಳ್ಳದ ಹಾಗೆ ಬ್ರಿಡ್ಜಿನಿಂದ ನೇರ ಬಿಡಿ, ತಿರುಚಿದ ಇ ತಂತಿ ಹೊಸದಾದರೂ ಸತ್ತಂತೆ ಕೇಳುತ್ತದೆ. ಶ್ರುತಿ ಕೀಲಿಯ ಗೂಟದಿಂದ ಆಚೆಗೆ ಹತ್ತು-ಹನ್ನೆರಡು ಸೆಂಟಿಮೀಟರ್ ಬಿಟ್ಟು, ಮೊದಲು ಇಕ್ಕಳದಲ್ಲಿ ಲಂಬಕ್ಕೆ ಮಡಚಿ, ಮಡಿಕೆಯ ಆಚೆಗೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಹೊರಸುತ್ತು ಒಳತಂತಿಯ ಮೇಲೆ ಸಡಿಲಗೊಳ್ಳುತ್ತದೆ. ಸುತ್ತು ಗೂಟದ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಎ ತಂತಿಗೆ ಒಂದು ಸುತ್ತು ಜಾಸ್ತಿಯೇ ಇರಲಿ, ಹೆಚ್ಚಿನ ಗಿಟಾರಿನಲ್ಲಿ ಅದನ್ನು ಒತ್ತಿ ಹಿಡಿಯುವ ಕ್ಲಿಪ್ ಇರುವುದಿಲ್ಲ, ನಟ್‌ನಲ್ಲಿ ಝುಂ ಎನ್ನಲು ಶುರುಮಾಡುವುದು ಅದೇ. ಶ್ರುತಿ ಮಾಡಿದ ಮೇಲೆ ಸ್ಯಾಡಲಿನ ಮುಂದೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಕೂರಿಸಿ. ಕಾರ್ಯಕ್ರಮದ ದಿನವೇ ಹೊಸ ತಂತಿ ಹಾಕಬೇಡಿ, ಎರಡು ದಿನ ಮೊದಲು ಹಾಕಿದರೆ ಹಿಗ್ಗುವಷ್ಟು ಹಿಗ್ಗಿ ನಿಲ್ಲುತ್ತದೆ.

ಇ ತಂತಿಯನ್ನು ಡಿ ಗೆ ಇಳಿಸುವುದು: ಬಿಗಿ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ರಾತ್ರಿಗೆ ಒಂದೆರಡು ಹಾಡಿಗಾದರೆ 105 ಸಾಕು, ಬಲಗೈ ಸ್ವಲ್ಪ ಹಗುರ ಮಾಡಿ, ಇಲ್ಲವಾದರೆ ಫ್ರೆಟ್ಟಿಗೆ ಬಡಿಯುತ್ತದೆ. ಯಾವಾಗಲೂ ಡಿ ಯಲ್ಲೇ ಇಡುವುದಾದರೆ ಒಂದೇ ಬಿಡಿ ತಂತಿ 110 ಅಥವಾ 115 ಹಾಕಿಸಿ. ಆಗ ನಟ್‌ನ ಕಚ್ಚು ಅಗಲಿಸಬೇಕು, ಅದನ್ನು ರಿಪೇರಿ ಗೊತ್ತಿರುವವರ ಕೈಯಲ್ಲೇ ಮಾಡಿಸಿ, ಅರ ತೆಗೆದುಕೊಂಡು ನೀವೇ ಕೂರಬೇಡಿ.